ಹಾದಿಯ ಸಾಲಿನಲ್ಲಿ ಮೊದಲ ಹೆಸರು

ಬಳ್ಳಾರಿಯಲ್ಲಿ ಹೆಣ್ಣುಮಕ್ಕಳ ಕಾಲೇಜನ್ನೂ ಅದಕ್ಕೆ ಸೇರಿದ ವಿದ್ಯಾರ್ಥಿನಿಲಯವನ್ನೂ ನಡೆಸುತ್ತಿರುವ ಶಿಕ್ಷಣ ಸಂಘವೊಂದರ ಆಡಳಿತ ಮಂಡಳಿಯ ಮೇಲೆ ನನ್ನ ಆರೋಪ ಇದು. ನಿಲಯದ ಪ್ರವೇಶದ ತಪ್ಪಾದ ಪಟ್ಟಿಯೊಂದನ್ನು ತಪ್ಪೆಂದು ತಿಳಿದ ಮೇಲೂ ನೀವು ಗೋಡೆಯಿಂದ ಇಳಿಸಲಿಲ್ಲ. ಆ ತಪ್ಪಿಗೆ ದಾರಿ ಮಾಡಿದ ಅಪ್ಪಣೆ ನಿಮ್ಮದು. ಅದರ ಷರಾ ಮಾತ್ರ ನಿಮ್ಮ ಅಧ್ಯಾಪಕಿಯೊಬ್ಬರ ಸೇವಾ ಪುಸ್ತಕದಲ್ಲಿದೆ. ಅವರು ಬದುಕಿದ್ದಾಗ ಅದನ್ನು ಅಳಿಸಲಿಲ್ಲ. ಸತ್ತ ಮೇಲೆ ಅವರ ಫೋಟೋಕ್ಕೆ ಹಾರ ಹಾಕಿ, ಅದೇ ಷರಾವನ್ನು ಸಂತಾಪದ ಭಾಷಣದಲ್ಲಿ ಇನ್ನೊಮ್ಮೆ ಓದಿದಿರಿ.

ಸಂಘದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಓದಬೇಕಾದವರಿಗೆ ಅದು ತಮ್ಮದೇ ಎಂದು ತಿಳಿಯುತ್ತದೆ. ಆ ಅಧ್ಯಾಪಕಿಯ ಹೆಸರನ್ನೂ ಬರೆಯುವುದಿಲ್ಲ. ಯಾರ ಹೆಸರು ಮೊದಲು ಬರಬೇಕೆಂಬ ಹಟದಿಂದಲೇ ಇಷ್ಟೆಲ್ಲ ಆಗಿರುವಾಗ ಮತ್ತೊಂದು ಹೆಸರನ್ನು ಎತ್ತಿ ಹಿಡಿಯುವ ಮನಸ್ಸಿಲ್ಲ. ನಾವು ವಿದ್ಯಾರ್ಥಿನಿಯರೆಲ್ಲ ಅವರನ್ನು ಅಕ್ಕೋರು ಎನ್ನುತ್ತಿದ್ದೆವು. ಈ ಸೀಮೆಯಲ್ಲಿ ಪಾಠ ಹೇಳುವ ಹೆಂಗಸಿಗೆ ಅದಕ್ಕಿಂತ ದೊಡ್ಡ ಹೆಸರು ಬೇಕಾಗುವುದಿಲ್ಲ.

ಸಂತಾಪ ಸಭೆಯಲ್ಲಿ ನಾನೂ ಇದ್ದೆ. ಅಧ್ಯಕ್ಷರು ಮೈಕಿನ ಮುಂದೆ ಕನ್ನಡಕ ಒರೆಸಿಕೊಂಡು ಹೇಳಿದರು: "ಅಕ್ಕೋರು ಭಾಳ ತಿಳಿದೋರು. ಒಂದ ಒಂದು ಸಲ ಕಂಪ್ಯೂಟರ್ ಅವರ ಕೈ ಮೀರಿತು. ಮನುಷ್ಯಾರು ಅಂದ ಮ್ಯಾಲ ತಪ್ಪು ಇರ್ತಾವು. ಸಂಘ ಅದನ್ನ ದೊಡ್ಡ ಮನಸ್ಸು ಮಾಡಿ ಮರ್ತೈತಿ."

ನಾನು ಎದ್ದು ನಿಂತೆ. "ಮರ್ತಿದ್ರ ಈಗ ಯಾಕ ನೆನಸಿದ್ರಿ? ಕಂಪ್ಯೂಟರಿನಾಗಿನ ಆ ಸಾಲು ಬದಲಿಸ್ರಿ ಅಂತ ಹೇಳಿದೋರು ಯಾರು ಅನ್ನೋದನ್ನೂ ನೆನಸ್ರಿ."

ಕಾರ್ಯದರ್ಶಿಗಳು ಕೈಯಾಡಿಸಿದರು. "ತಂಗಿ, ಇದು ಸಂತಾಪ ಸಭಾ. ಜಗಳದ್ದಲ್ಲ. ಕುಂದ್ರು."

ಹಿಂದಿನ ಸಾಲಿನಲ್ಲಿ ಯಾರೋ ಮೆಲ್ಲಗೆ, "ಉಪ್ಪಿಟ್ಟು ಆರಾಕ ಹತ್ತೈತಿ" ಎಂದರು. ಸಣ್ಣಗೆ ನಗು ಹರಿಯಿತು. ಆ ಸಭೆಯಲ್ಲಿ ಅಕ್ಕೋರ ಕೈಯಲ್ಲಿ ಕಲಿತವರು ಬೆಂಚು ತುಂಬ ಕೂತಿದ್ದರು. ನನ್ನ ಜೊತೆ ಇನ್ನೊಬ್ಬರೂ ಏಳಲಿಲ್ಲ. ಅಂದಿನಿಂದ ನನ್ನನ್ನು ಹಿಡಿದಿರುವುದು ದುಃಖವಲ್ಲ, ನಾಚಿಕೆ. ನಾನು ಆ ನಿಲಯದ ಅನ್ನ ತಿಂದು ಓದಿದವಳು. ಸಂಸ್ಥಾಪಕರ ಹೆಸರಿನ ಪದಕವನ್ನು ಇದೇ ಅಧ್ಯಕ್ಷರ ಕೈಯಿಂದ ಕೊರಳಿಗೆ ಹಾಕಿಸಿಕೊಂಡವಳು. ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ನ್ಯಾಯ, ಸಮಾನತೆ ಎಂದು ಪುಟಗಟ್ಟಲೆ ಬರೆದು ಬಂದ ಮೇಲೆ, ನನ್ನ ಊರಿನ ಒಂದು ಸಭೆಯನ್ನು ಉಪ್ಪಿಟ್ಟಿನಿಂದ ಎಬ್ಬಿಸುವುದು ನನ್ನಿಂದ ಆಗಲಿಲ್ಲ.

ಅಕ್ಕೋರು ಕುರುಗೋಡಿನವರು. ಗಣಿತದ ಅಧ್ಯಾಪಕಿ. ದಿನವೂ ಕುರುಗೋಡಿನಿಂದ ಬಸ್ಸಿನಲ್ಲಿ ಬಂದು, ಸಂಜೆ ಬಸ್ಸಿನಲ್ಲೇ ಹಿಂದಿರುಗುತ್ತಿದ್ದರು. ಡ್ರೈವರನ ಹಿಂದಿನ ಸೀಟು ಅವರದೆಂದು ಕಂಡಕ್ಟರುಗಳೇ ಒಪ್ಪಿಕೊಂಡಿದ್ದರು. ಗಂಜಿ ಹಾಕಿದ ಕೈಮಗ್ಗದ ಸೀರೆ, ಮೊಣಕೈವರೆಗಿನ ರವಿಕೆ, ಮಣಿಕಟ್ಟಿನ ಒಳಮಗ್ಗುಲಿಗೆ ತಿರುಗಿಸಿ ಕಟ್ಟಿದ ಗಡಿಯಾರ, ಕೈಚೀಲದಲ್ಲಿ ನಶ್ಯದ ಡಬ್ಬಿ. ನಶ್ಯ ಏರಿಸುವ ಅಧ್ಯಾಪಕಿಯನ್ನು ಕಂಟೋನ್ಮೆಂಟಿನ ಹುಡುಗಿಯರು ಮೊದಲ ದಿನ ಬಾಯಿ ತೆರೆದು ನೋಡುತ್ತಿದ್ದರು. ಎರಡನೆಯ ದಿನದಿಂದ ಅವರ ಬಾಯಿಗೆ ಹೆದರಿ ಬಾಯಿ ಮುಚ್ಚುತ್ತಿದ್ದರು.

ಸಂಘ ಕಂಪ್ಯೂಟರ್ ಕೊಂಡಾಗ ಕಲಿತು ಬರಲು ಅವರನ್ನೇ ಕಳಿಸಿತು. ನಗರದಲ್ಲಿ ಅಂಥ ಯಂತ್ರ ಇನ್ನೂ ಬೆರಳೆಣಿಕೆಯ ಕಡೆ ಇದ್ದ ಕಾಲ. ಅದಕ್ಕೆಂದೇ ಒಂದು ಕೋಣೆ, ದಪ್ಪ ಪರದೆ, ನೀರು ತೊಟ್ಟಿಕ್ಕುವ ಏರ್ ಕಂಡೀಷನರು, ಅದರ ಕೆಳಗೊಂದು ಬಕೆಟ್ಟು. ದೇವರ ಕೋಣೆಗೆ ಹೋಗುವಂತೆ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ಅಕ್ಕೋರು ನಶ್ಯಕ್ಕೆಂದು ಹೊರಗೆ ಬಂದು, ಸೀನು ಮುಗಿಯುವವರೆಗೆ ಬರಿಗಾಲಲ್ಲಿ ಬಿಸಿಲಿನ ಕಲ್ಲಿನ ಮೇಲೆ ಒಂದೊಂದು ಪಾದ ಎತ್ತಿ ಇಡುತ್ತ ನಿಲ್ಲುತ್ತಿದ್ದರು. ಯಂತ್ರ ಹಟ ಮಾಡಿದರೆ ತೆಲುಗಿನಲ್ಲಿ ಬೈಯುತ್ತಿದ್ದರು. ಯಾಕೆಂದು ಕೇಳಿದರೆ, "ಕನ್ನಡದಾಗ ಬೈದ್ರ ನಿಮಗ ಬೈದಂಗ ಅಕ್ಕೈತಿ. ನಿಮ್ಮ ಪಾಲಿಂದು ಬ್ಯಾರೆ ಐತಿ, ತಡೀರಿ" ಎನ್ನುತ್ತಿದ್ದರು.

ವಿನಯ ಅವರಲ್ಲಿ ಇರಲಿಲ್ಲ. "ಈ ಜಿಲ್ಲಾದಾಗ ನನಗಿಂತ ಚೊಲೋ ಯಾರಿಗರ ಇದು ಬರ್ತಿದ್ರ ಕರಕೊಂಡ್ಬರ್ರಿ. ಅವರ ಬಸ್ ಚಾರ್ಜ್ ನಂದು" ಎಂದು ಕಾಲೇಜಿನ ಪ್ರಾಂಶುಪಾಲರ ಮುಂದೆಯೇ ಹೇಳಿದ್ದನ್ನು ಕೇಳಿದ್ದೇನೆ. ಯಾರನ್ನೂ ಕರೆತರಲಿಲ್ಲ, ಅದು ಬೇರೆ ಮಾತು. ಆದರೆ ಆ ಗರ್ವವನ್ನು ಓದುಗರು ನೆನಪಿಟ್ಟಿರಬೇಕು. ಅದರ ಲೆಕ್ಕವನ್ನು ಅವರೇ ಮುಂದೆ ಒಪ್ಪಿಸಿದರು.

ಅವರು ನಮಗೆ ಕಲಿಸಿದ ಎರಡು ಪಾಠಗಳನ್ನು ಇಲ್ಲಿ ಹೇಳಲೇಬೇಕು. ಅವು ತಿಳಿಯದೆ ಮುಂದಿನ ಅನ್ಯಾಯ ತಿಳಿಯುವುದಿಲ್ಲ.

ನಿಲಯದ ಬಾಗಿಲಲ್ಲಿ ಒಂದು ಸ್ಲೇಟು ತೂಗುಹಾಕಿತ್ತು. ವಾರ್ಡನ್ ಆ ಹೊತ್ತಿನಲ್ಲಿ ಎಲ್ಲಿದ್ದಾರೆಂದು ಅದರ ಮೇಲೆ ಬರೆದಿರುತ್ತಿತ್ತು: ಅಡುಗೆಮನೆ, ಕಚೇರಿ, ಪೇಟೆ. ಅಕ್ಕೋರು ಆ ಸ್ಲೇಟನ್ನು ತರಗತಿಗೆ ತರಿಸಿದರು. "ವಾರ್ಡನ್ ಜಾಗ ಬದಲಿಸಿದಾಗೆಲ್ಲ ಕ್ವಾಣಿ ಕ್ವಾಣಿಗೆ ಹೋಗಿ ಹೇಳಿ ಬರ್ತಾಳೇನು? ಇಲ್ಲ. ಸ್ಲೇಟಿನ ಮ್ಯಾಲ ಒಂದ ಸಲ ಬರೀತಾಳ. ಬೇಕಾದೋರು ಬಂದು ಓದ್ಕೋತಾರ. ಮಾಹಿತಿ ಇರೋ ಜಾಗಾನ ಪ್ರತಿ ಪ್ರೋಗ್ರಾಮಿನಾಗೂ ಬರದು ಸಾಯಬ್ಯಾಡ್ರಿ. ಮಷೀನು ಏಳೋ ಹೊತ್ತಿಗೆ ಒಂದು ಸ್ಲೇಟಿನ ಮ್ಯಾಲ ಬರದಿಡ್ರಿ. ಪ್ರೋಗ್ರಾಮು ಎಷ್ಟಿದ್ರೂ ಆ ಸ್ಲೇಟು ನೋಡ್ಕೊಂಡು ಹೋಗ್ಲಿ." ಯಂತ್ರ ಚಾಲೂ ಆಗುವಾಗ ಓದುವ ಒಂದು ಚಿಕ್ಕ ಫೈಲು ಇರುತ್ತದೆ. ಅದರಲ್ಲಿ ಇಂಥ ಜಾಗದ ಹೆಸರನ್ನು ಒಮ್ಮೆ ಬರೆದಿಟ್ಟರೆ ಎಲ್ಲ ಪ್ರೋಗ್ರಾಮುಗಳಿಗೂ ಅದೇ ಆಧಾರ.

ಎರಡನೆಯ ಪಾಠಕ್ಕೆ ನಾನೇ ಬಲಿಯಾದೆ. "ಏ ತಂಗಿ, ಸುಣ್ಣದ ಕಡ್ಡಿ ತಗೊಂಬಾ. ಮೊದಲ ಈ ಕ್ವಾಣ್ಯಾಗ ನೋಡು, ಆಮ್ಯಾಲ ಆಫೀಸು, ಆಮ್ಯಾಲ ಸ್ಟಾಫ್ ರೂಮು. ಸಿಕ್ಕ ಕೂಡಲೇ ಬಾ" ಎಂದರು. ಕೋಣೆಯಲ್ಲಿ ಇರಲಿಲ್ಲ. ಕಚೇರಿಯ ಮೇಜಿನ ಮೇಲೆ ಉಗುರಿನಷ್ಟು ತುಂಡು ಸಿಕ್ಕಿತು, ತಂದೆ. ಅವರು ಅದನ್ನು ಎರಡು ಬೆರಳಲ್ಲಿ ಹಿಡಿದು ಎಲ್ಲರಿಗೂ ತೋರಿಸಿದರು.

"ಸ್ಟಾಫ್ ರೂಮಿನಾಗ ಹೊಸಾ ಡಬ್ಬಿ ಇಟ್ಟಿದ್ನೆಲ್ಲ, ಇದನ್ಯಾಕ ತಂದಿ?"

"ನೀವ ಅಂದ್ರಿ, ಸಿಕ್ಕ ಕೂಡಲೇ ಬಾ ಅಂತ."

"ಶಾಣ್ಯಾಕಿ. ಮಷೀನೂ ನಿನ್ನಂಗ ಐತಿ. ಪ್ರೋಗ್ರಾಮಿನ ಹೆಸರು ಹೊಡದ್ರ ಮೊದಲ ತಾ ನಿಂತ ಜಾಗದಾಗ ಹುಡುಕತೈತಿ. ಅಲ್ಲಿಲ್ಲಂದ್ರ ನಾವು ಬರದು ಕೊಟ್ಟ ಹಾದಿ ಹಿಡದು, ಒಂದರ ಹಿಂದ ಒಂದು ಡೈರೆಕ್ಟರಿ, ಅಂದ್ರ ಮಷೀನಿನ ಒಳಗಿನ ಕ್ವಾಣಿ, ನೋಡ್ಕೋತ ಹೋಗತೈತಿ. ಆ ಹೆಸರಿಂದು ಎಲ್ಲಿ ಮೊದಲ ಸಿಗತೈತಿ, ಅಲ್ಲೇ ನಿಲ್ಲತೈತಿ. ಮುಂದ ಚೊಲೋದು ಐತೇನು ಅಂತ ನೋಡಂಗಿಲ್ಲ. ಅದಕ್ಕ ಹಾದಿ ಬರಿಯಾಗ ಯಾವುದು ಮೊದಲು, ಯಾವುದು ಆಮ್ಯಾಲ ಅನ್ನೋದು ನಿಮ್ಮ ತಲಿ ಮ್ಯಾಲಿನ ಭಾರ. ಭರವಸೆ ಇಲ್ಲಂದ್ರ ಬರೇ ಹೆಸರು ಹೊಡೀಬ್ಯಾಡ್ರಿ. ಬುಡದಿಂದ ಪೂರ್ತಿ ಹಾದಿ ಹೊಡೀರಿ. ತಪ್ಪು ಮನಿಗೆ ಹೋಗಿ ನಿಲ್ಲೋ ಪ್ರಸಂಗ ಬರಂಗಿಲ್ಲ."

ಕಂಪ್ಯೂಟರ್ ಕೋಣೆಯ ಉದ್ಘಾಟನೆಗೆ ಮಂತ್ರಿಯೊಬ್ಬರು ಬರುವವರಿದ್ದರು. ಅವರು ಒಂದು ಗುಂಡಿ ಒತ್ತಿದರೆ ನಿಲಯಕ್ಕೆ ಆಯ್ಕೆಯಾದವರ ಪಟ್ಟಿ ಅಚ್ಚಾಗಿ ಬರಬೇಕೆಂದು ಅಧ್ಯಕ್ಷರ ಆಸೆ. ಅಕ್ಕೋರು ಅವಸರದಲ್ಲಿ ಒಂದು ಪ್ರೋಗ್ರಾಮು ಬರೆದುಕೊಟ್ಟರು. ಹೆಸರು 'ಆಯ್ಕೆ'. ಅದು ಅರ್ಜಿದಾರರನ್ನು ಅಂಕಗಳ ಪ್ರಕಾರ ಮಾತ್ರ ಸಾಲಾಗಿ ನಿಲ್ಲಿಸುತ್ತಿತ್ತು. ಮಂತ್ರಿಗಳ ಕಣ್ಣಿಗೆ ಚೆಂದ ಕಾಣಲೆಂದು ಪಟ್ಟಿಯ ನೆತ್ತಿಗೆ ನಕ್ಷತ್ರದ ಗುರುತುಗಳ ಒಂದು ಸಾಲನ್ನೂ ಹಾಕಿದ್ದರು. ಅದನ್ನು ಸಂಸ್ಥಾಪಕರ ಹೆಸರಿನ ಡೈರೆಕ್ಟರಿಯಲ್ಲಿ ಇಡಲಾಯಿತು. ಮಂತ್ರಿ ಬಂದರು, ಒತ್ತಿದರು, ಚಪ್ಪಾಳೆಯಾಯಿತು.

ನಿಜವಾದ ನಿಯಮ ಬೇರೆಯಿತ್ತು. ಅಧ್ಯಕ್ಷರ ತಂದೆಯವರಾದ ಸಂಸ್ಥಾಪಕರು ನಿಲಯ ಕಟ್ಟಿಸಿದಾಗಲೇ ಅದನ್ನು ಗೊತ್ತು ಮಾಡಿದ್ದರು: ಸಂಜೆ ಮನೆಗೆ ಮರಳಲು ಬಸ್ಸಿಲ್ಲದ ಊರಿನ ಹುಡುಗಿಗೆ ಮೊದಲು ಕೋಣೆ, ಅಂಕಗಳ ಮಾತು ಆಮೇಲೆ. ಆ ನಿಯಮದಿಂದಲೇ ಸಿರುಗುಪ್ಪದ ಕಡೆಯ ಕಾಲುವೆ ಹಳ್ಳಿಗಳಿಂದ ಹುಡುಗಿಯರು ಕಾಲೇಜು ಕಂಡದ್ದು. ಅಕ್ಕೋರು ಮುಂದೆ ನಿಧಾನವಾಗಿ ಕೂತು, ಈ ನಿಯಮಕ್ಕೆ ಹೊಂದುವ ಖರೆಯ 'ಆಯ್ಕೆ'ಯನ್ನು ಬರೆದು ನಿಲಯದ ಡೈರೆಕ್ಟರಿಯಲ್ಲಿ ಇಟ್ಟರು. ಹಾದಿಯ ಸಾಲಿನಲ್ಲಿ ಯಂತ್ರದ ಸ್ವಂತ ಸಾಮಾನಿರುವ ಡಾಸ್ ಮೊದಲು, ನಿಲಯ ಎರಡನೆಯದು, ಸಂಸ್ಥಾಪಕರ ಹೆಸರು ಕೊನೆಗೆ. ಆದ್ದರಿಂದ ಬರಿಯ ಹೆಸರು ಹೊಡೆದರೂ ಖರೆಯದೇ ಸಿಗುತ್ತಿತ್ತು.

ಒಂದು ದಿನ ಅಧ್ಯಕ್ಷರು ನೆಂಟರನ್ನು ಕರೆದುಕೊಂಡು ಕಂಪ್ಯೂಟರ್ ತೋರಿಸಲು ಬಂದರು. ನಮ್ಮ ತರಗತಿ ನಡೆದಿತ್ತು. ಯಂತ್ರ ಚಾಲೂ ಆಗುವಾಗ ಹಾದಿಯ ಸಾಲು ತೆರೆಯ ಮೇಲೆ ಮೂಡಿತು.

"ಅಕ್ಕೋರ, ಇದೇನ್ರಿ ಸಾಲು?"

"ಪ್ರೋಗ್ರಾಮು ಹುಡುಕೋ ಹಾದಿ, ಅಧ್ಯಕ್ಷರ."

"ಅಪ್ಪಾಜೋರ ಹೆಸರು ಕಡೀಗ ಐತೆಲ್ಲ?"

"ಹೌದ್ರಿ, ಕಡೀಗ ಐತಿ."

"ಡಾಸ್ ಮೊದಲು, ಹಾಸ್ಟೆಲ್ ಆಮ್ಯಾಲ, ಕಟ್ಟಿಸಿದೋರು ಕಡೀಗ. ಈ ಡಾಸ್ ಅಂದ್ರ ಯಾವ ಊರಿನ ಗೌಡ್ರು?" ನೆಂಟರು ನಕ್ಕರು. ನಾವೂ ನಕ್ಕೆವು. ಅಕ್ಕೋರು ನಗಲಿಲ್ಲ.

"ಇದು ಪಂಕ್ತಿ ಅಲ್ರಿ, ಮರ್ಯಾದಿ ನೋಡಿ ಕುಂದ್ರಸಾಕ. ಹುಡುಕೋ ಕ್ರಮ ಇದು. ಆ ಡೈರೆಕ್ಟರ್ಯಾಗ ಉದ್ಘಾಟನೆದ ಹಳೇ 'ಆಯ್ಕೆ' ಐತಿ. ಅದನ್ನ ಮುಂದ ತಂದ್ರ ಮಷೀನು ಅದನ್ನ ಹಿಡೀತೈತಿ." ಸುಣ್ಣದ ಕಡ್ಡಿಯ ದೃಷ್ಟಾಂತವನ್ನೂ ಕೊಟ್ಟರು. ಅದೇ ತಪ್ಪಾಯಿತು.

"ಹಂಗಾದ್ರ ನಮ್ಮಪ್ಪಾಜೋರ ಮನ್ಯಾಗಿಂದು ತುಂಡು ಸುಣ್ಣ ಅಂತೀರಿ."

ಅಕ್ಕೋರು, "ಹಂಗಂದಿಲ್ರಿ. ಬೇಕಾದ್ರ ಹಳೇದನ್ನ ತಗದು ಹಾಕಿ ಹೆಸರು ಮುಂದ ಇಡ್ತೀನಿ" ಎಂದರು.

"ಮಂತ್ರಿಗಳ ಕೈ ಮುಟ್ಟಿದ್ದು ಅದು. ಶಂಕುಸ್ಥಾಪನೆ ಕಲ್ಲು ಕೀಳ್ತೀರೇನು?"

"ಅದಕ್ಕ ಬ್ಯಾರೆ ಹೆಸರು ಇಡ್ತೀನ್ರಿ."

"ಆಮಂತ್ರಣ ಪತ್ರದಾಗ ಅದ ಹೆಸರು ಅಚ್ಚಾಗೈತಿ. ಲಗ್ನಪತ್ರದಾಗೂ ಹಿರೇರು ಮೊದಲು, ಅಕ್ಕೋರ. ನಮ್ಮ ಮನಿ ಪದ್ಧತಿ ಅದು."

ಜೊತೆಗಿದ್ದ ಕಾರ್ಯದರ್ಶಿಗಳು ಸಮಾಧಾನದ ಧ್ವನಿಯಲ್ಲಿ, "ಬರದುಬಿಡ್ರಿ. ಒಂದು ಸಾಲಿಗೆ ಏನಾಕ್ಕೈತಿ" ಎಂದರು.

ಅಕ್ಕೋರು ಕೂತು ಬರೆದರು. ಯಂತ್ರವನ್ನು ಆರಿಸಿ ಮತ್ತೆ ಚಾಲೂ ಮಾಡಿದರು. ಸಂಸ್ಥಾಪಕರ ಹೆಸರು ಎಲ್ಲಕ್ಕಿಂತ ಮುಂದೆ ಮೂಡಿತು. ಅಧ್ಯಕ್ಷರು ಅದಕ್ಕೆ ಕೈಮುಗಿದರು. ಅವರ ಭಕ್ತಿ ನಟನೆಯಾಗಿರಲಿಲ್ಲ. ಇದನ್ನು ನಾನು ಒಪ್ಪುತ್ತೇನೆ. ಅವರು ಹೋದ ಮೇಲೆ ಅಕ್ಕೋರು ಹೊರಗೆ ಹೋಗಿ, ನಶ್ಯದ ಡಬ್ಬಿ ತೆರೆದು, ತೆಗೆದುಕೊಳ್ಳದೆ ಮುಚ್ಚಿ ಬಂದರು. 'ಆಯ್ಕೆಯ ಪೂರ್ತಿ ಹಾದಿ ಹೊಡೆಯಿರಿ' ಎಂದು ಒಂದು ಕಾಗದದ ಮೇಲೆ ಬರೆದು, ಹೊಡೆಯಬೇಕಾದ ಅಕ್ಷರಗಳನ್ನೂ ಕೆಳಗೆ ಕೊಟ್ಟು, ಯಂತ್ರದ ಮುಂದಿನ ಗೋಡೆಗೆ ಅಂಟಿಸಿದರು.

ಆ ವರ್ಷ ನಾನು ಪದವಿ ಮುಗಿಸಿ ವಿಶ್ವವಿದ್ಯಾಲಯಕ್ಕೆ ಹೋದೆ. ಮುಂದಿನದನ್ನು ಅಕ್ಕೋರೇ ನನಗೆ ಹೇಳಿದ್ದು. ಆಮೇಲೆ ಕಚೇರಿಯವರನ್ನು ಕೇಳಿ ಖಚಿತಪಡಿಸಿಕೊಂಡಿದ್ದೇನೆ.

ಬೇಸಿಗೆಯ ರಜೆ ಮುಗಿದು ನಿಲಯದ ಪಟ್ಟಿ ಹಚ್ಚುವ ದಿನ ಬಂತು. ಅಕ್ಕೋರನ್ನು ಪರೀಕ್ಷೆಯ ಮೇಲ್ವಿಚಾರಣೆಗೆಂದು ಸಿರುಗುಪ್ಪಕ್ಕೆ ಕಳಿಸಿದ್ದರು. "ನಾ ಬರೋತನಕ ತಡೀರಿ" ಎಂದು ಅವರು ಕೇಳಿಕೊಂಡಿದ್ದರು. ಪಟ್ಟಿ ಹಚ್ಚುವ ವಾರ ಸಂಸ್ಥಾಪಕರ ಕಾಲದಿಂದ ತಪ್ಪಿಲ್ಲ ಎಂಬ ಉತ್ತರ ಬಂತು. ಕಚೇರಿಯ ಸೂಪರಿಂಟೆಂಡೆಂಟರು ಯಂತ್ರದ ಮುಂದೆ ಕೂತು 'ಆಯ್ಕೆ' ಎಂದು ಬರಿಯ ಹೆಸರು ಹೊಡೆದರು. ಗೋಡೆಯ ಕಾಗದ ಅವರಿಗೆ ಕಾಣಲಿಲ್ಲ. ರಜೆಯಲ್ಲಿ ಅದರ ಮೇಲೆಯೇ ಸಂಸ್ಥಾಪಕರ ಭಾವಚಿತ್ರವನ್ನು ತೂಗುಹಾಕಿದ್ದರು.

ಅಕ್ಕೋರು ಹಿಂದಿರುಗಿ ಬಂದಾಗ ಪಟ್ಟಿ ಗೋಡೆಯ ಮೇಲಿತ್ತು. ಹತ್ತಿರ ಹೋಗುವ ಮೊದಲೇ ನೆತ್ತಿಯ ಮೇಲಿನ ನಕ್ಷತ್ರದ ಸಾಲು ಕಂಡಿತು. ಕಾಲೇಜಿಗೆ ನಡೆದೇ ಬರಬಹುದಾದ ಕಂಟೋನ್ಮೆಂಟಿನ ಹುಡುಗಿಯರಿಗೆ ಕೋಣೆ ಸಿಕ್ಕಿತ್ತು. ಕಾಲುವೆ ಹಳ್ಳಿಗಳ ಹುಡುಗಿಯರ ಹೆಸರು ಇರಲಿಲ್ಲ. ಯಾರಿಗೂ ಅನುಮಾನ ಬರದಿದ್ದುದಕ್ಕೆ ಕಾರಣ ಅಕ್ಕೋರ ಮೊದಲನೆಯ ಪಾಠವೇ ಆಗಿತ್ತು. ಅರ್ಜಿಗಳ ಮಾಹಿತಿ ಇರುವ ಜಾಗವನ್ನು ಅವರು ಸ್ಲೇಟಿನಂತೆ ಒಂದೇ ಕಡೆ ಬರೆದಿದ್ದರಿಂದ ಹಳೆಯ ಪ್ರೋಗ್ರಾಮೂ ಆ ವರ್ಷದ ಅರ್ಜಿಗಳನ್ನೇ ಓದಿತ್ತು. "ಸುಳ್ಳು ಹೆಸರು ಬಂದಿದ್ರ ಕುರುಡನೂ ಹಿಡೀತಿದ್ದ, ತಂಗಿ. ಹೆಸರು ಖರೇವು, ಅಂಕ ಖರೇವು, ನ್ಯಾಯ ಒಂದ ಸುಳ್ಳು" ಎಂದರು.

ಅವರು ಆ ಗಳಿಗೆಯಲ್ಲೇ ಅಧ್ಯಕ್ಷರ ಮನೆಗೆ ಹೋದರು. ಖರೆಯ ಪಟ್ಟಿ ತೆಗೆದುಕೊಡುತ್ತೇನೆ, ಕೋಣೆಗಳಿಗೆ ಇನ್ನೂ ಯಾರೂ ಬಂದಿಲ್ಲ, ಬದಲಿಸಿ ಎಂದರು.

"ಹಚ್ಚಿದ ಪಟ್ಟಿ ಇಳಸಿದ್ರ ಊರು ಏನಂತೈತಿ? ಅಪ್ಪಾಜೋರ ಹೆಸರಿನಾಗಿಂದ ತಪ್ಪು ಹೊರಗ ಬಂತು ಅಂತೈತಿ."

"ಹಂಗಾದ್ರ ನಾ ತಪ್ಪು ಮಾಡೀನಿ ಅಂತ ಬರ್ಕೋರಿ. ಸಹಿ ಹಾಕ್ತೀನಿ. ಪಟ್ಟಿ ಇಳಸ್ರಿ."

ಓದುಗರು ಈ ಮಾತನ್ನು ದಯವಿಟ್ಟು ಇನ್ನೊಮ್ಮೆ ಓದಬೇಕು. ಬಸ್ಸಿನ ಸೀಟನ್ನು ಕೂಡ ಇನ್ನೊಬ್ಬರಿಗೆ ಬಿಡದ ಆ ಗರ್ವದ ಹೆಂಗಸು ತನ್ನ ವಿದ್ಯೆಯ ಮೇಲಿನ ಹೆಸರನ್ನು ಪಣವಾಗಿ ಇಟ್ಟರು. ಮಂಡಳಿ ಆ ಒಪ್ಪಂದದ ಮೊದಲರ್ಧವನ್ನು ಪಾಲಿಸಿತು. 'ಅಜಾಗರೂಕತೆ' ಎಂದು ಸೇವಾ ಪುಸ್ತಕದಲ್ಲಿ ಬರೆಯಿತು, ಸಹಿ ತೆಗೆದುಕೊಂಡಿತು. ಪಟ್ಟಿ ಅಲ್ಲೇ ಉಳಿಯಿತು.

ಇದರಲ್ಲಿ ಲಂಚವಿತ್ತೇ ಎಂದು ವಿಚಾರಿಸಿದೆ. ಇರಲಿಲ್ಲ. ಇದ್ದಿದ್ದರೆ ನಾಚಿಕೆ ಇಷ್ಟು ಸುಡುತ್ತಿರಲಿಲ್ಲ. ದುಡ್ಡಿನ ಆಸೆ ಎಲ್ಲ ಊರಲ್ಲೂ ಇರುವ ರೋಗ ಎಂದುಕೊಳ್ಳಬಹುದಿತ್ತು. ಇಲ್ಲಿ ಇದ್ದದ್ದು ಪಿತೃಭಕ್ತಿ. ತಂದೆಯ ಹೆಸರನ್ನು ಮೊದಲಿಗೆ ಇಡುವುದಕ್ಕಾಗಿ ತಂದೆಯೇ ಹಾಕಿದ ನಿಯಮವನ್ನು ಮಗ ಮುರಿದ. ಇದು ಗೊತ್ತಿದ್ದೂ ಒಂದು ಮಂಡಳಿ, ಒಂದು ಸಿಬ್ಬಂದಿ ವರ್ಗ, ಒಂದು ಊರು ತಲೆಯಾಡಿಸಿದವು.

ಅಕ್ಕೋರು ಆ ವರ್ಷವೇ ಕೆಲಸ ಬಿಟ್ಟರು. ರಜೆಗೆ ಬಂದಾಗ ನಾನು ಕುರುಗೋಡಿಗೆ ಹೋಗಿದ್ದೆ. ಅವರ ಮನೆಯ ಅಂಗಳದಿಂದ ಬಂಡೆಗಳ ಗುಡ್ಡ ಕಾಣುತ್ತದೆ. ಗುಡ್ಡ ನೋಡುತ್ತ ಮೇಲೆ ಬರೆದ ಕತೆಯನ್ನೆಲ್ಲ ಹೇಳಿದರು. ನಾನು ಅಧ್ಯಕ್ಷರನ್ನು ಬೈಯತೊಡಗಿದೆ. ಅವರು ಸ್ವಲ್ಪ ಹೊತ್ತು ಬೈಯಲು ಬಿಟ್ಟು, ಆಮೇಲೆ ತಡೆದರು.

"ಅವರ ಪಾಲಿಂದು ಅವರಿಗಿರ್ಲಿ. ನನ್ನ ಪಾಲಿಂದು ಕೇಳು. ಹಳೇದರ ಹೆಸರು ಬದಲಿಸಬ್ಯಾಡ ಅಂದ್ರು. ನನ್ನ ಹೊಸಾದರ ಹೆಸರು ಬದಲಿಸಬ್ಯಾಡ ಅಂತ ಯಾರೂ ಅಂದಿರ್ಲಿಲ್ಲ. ಒಂದಕ್ಷರ ಹೆಚ್ಚು ಮಾಡಿದ್ರ ಮುಗೀತಿತ್ತು. ಅವತ್ತ ಹೊಳದಿತ್ತು ನನಗ."

"ಮತ್ತ ಯಾಕ ಮಾಡ್ಲಿಲ್ರಿ?"

"ಖರೇದು ನಂದು. ಸುಳ್ಳಿಗೆ ಹೆದರಿ ಖರೇದು ಯಾಕ ಹೆಸರು ಬದಲಿಸಬೇಕು ಅಂದೆ. ಅವರಿಗೆ ಅಪ್ಪನ ಹೆಸರಿನ ಸೊಕ್ಕು, ನನಗ ಪ್ರೋಗ್ರಾಮಿನ ಹೆಸರಿನ ಸೊಕ್ಕು. ನಡುವ ಯಾವುದೋ ಊರಿನ ಹುಡುಗಿ ಸಿಕ್ಕಳು." ನಶ್ಯದ ಡಬ್ಬಿ ಕೈಗೆತ್ತಿಕೊಂಡರು. "ಗ್ವಾಡಿಗೆ ಕಾಗದ ಅಂಟಿಸಿ ಕೈ ತೊಳಕೊಂಡೆ. ಸಣ್ಣ ಕೆಲಸ ಅದು, ನನ್ನಂಥಾಕಿಗೆ."

ನಾನು ಏನೋ ಸಮಾಧಾನ ಹೇಳಲು ಹೋದೆ. "ವಿಶ್ವವಿದ್ಯಾಲಯದಾಗ ಸಮಾಧಾನ ಹೇಳೋದೂ ಕಲಿಸ್ತಾರೇನು?" ಎಂದು ಬಾಯಿ ಮುಚ್ಚಿಸಿ, "ನಾಳೆ ತೆಕ್ಕಲಕೋಟಿಗೆ ಹೋಗೋದೈತಿ. ಬರ್ತೀಯೇನು?" ಎಂದರು.

ಮರುದಿನ ಬಳ್ಳಾರಿಗೆ ಬಂದು ಸಿರುಗುಪ್ಪದ ಬಸ್ಸು ಹಿಡಿದೆವು. ತೆಕ್ಕಲಕೋಟೆಯಲ್ಲಿ ಇಳಿದು ಕಾಲುವೆಯ ಏರಿಯ ಮೇಲೆ ನಡೆದೆವು. ಎರಡೂ ಕಡೆ ಭತ್ತದ ನಾಟಿ ನಡೆದಿತ್ತು. ಖರೆಯ ಪಟ್ಟಿಯಲ್ಲಿ ಮೊದಲು ಬರಬೇಕಿದ್ದ ಹುಡುಗಿಯ ಮನೆ ಅದು. ಹತ್ತಿ ಹಿಂಜಿ ಹಾಸಿಗೆ ಹೊಲಿಯುವ ಪಿಂಜಾರರ ಮನೆ. ಅಪ್ಪ ಹಾಸಿಗೆ ಹೊತ್ತು ಊರೂರಿಗೆ ಹೋಗಿದ್ದ. ಹುಡುಗಿ ಅಂಗಳದಲ್ಲಿ ಉದ್ದ ಸೂಜಿ ಹಿಡಿದು ಹಾಸಿಗೆಗೆ ಟಾಕಿ ಹಾಕುತ್ತಿದ್ದಳು. ತಾಯಿ ಚಾಪೆ ಹಾಸಿ ಚಹಾ ಕೊಟ್ಟಳು.

"ನಿನ್ನ ಅರ್ಜಿ ಸರಿಯಿತ್ತು, ತಂಗಿ. ಕ್ವಾಣಿ ನಿಂದ ಆಗಿತ್ತು. ನಮ್ಮ ಕಡಿಂದ ತಪ್ಪಾತು" ಎಂದರು ಅಕ್ಕೋರು.

"ಕಂಪ್ಯೂಟರ್ ತಗದೈತಿ ಅಂದ್ರಲ್ರಿ ಆಫೀಸಿನಾಗ."

"ಅದಕ್ಕೇನು ತಿಳಿತೈತಿ. ನಾವು ತೋರಿಸಿದ ಹಾದಿ ಹಿಡದು ಹೋತು. ತೋರಿಸಿದಾಕಿ ನಾನು."

ತಾಯಿ ನಡುವೆ ಬಂದಳು. "ಇರ್ಲಿ ಬಿಡ್ರಿ ಅಕ್ಕೋರ. ಅಷ್ಟು ದೂರದಿಂದ ಇದನ್ನ ಹೇಳಾಕ ಬಂದ್ರೇನು? ನಸೀಬು ಅಂತ ನಾವು ಮರ್ತು ಬಿಟ್ಟೀವಿ."

ಹುಡುಗಿ ಮರೆತಿರಲಿಲ್ಲ. ಸೂಜಿಯನ್ನು ಹಾಸಿಗೆಯಲ್ಲಿ ಚುಚ್ಚಿ ನಿಲ್ಲಿಸಿ ಕೇಳಿದಳು. "ಹಂಗಾದ್ರ ಈಗ ಕರೀತಾರೇನ್ರಿ?"

"ಸುಮ್ಕಿರಲೇ, ದೊಡ್ಡೋರ ಮುಂದ" ಎಂದಳು ತಾಯಿ.

ಅಕ್ಕೋರು ಬಸಿಯಲ್ಲಿದ್ದ ಚಹಾವನ್ನು ನೋಡುತ್ತ ಕೂತರು. ತರಗತಿಯಲ್ಲಾಗಲಿ, ಸಭೆಯಲ್ಲಾಗಲಿ, ಎಲ್ಲೂ ಮಾತಿಗೆ ತಡವರಿಸದಿದ್ದ ಆ ಹೆಂಗಸು ಒಬ್ಬ ಹುಡುಗಿಯ ಮುಂದೆ ತಲೆ ತಗ್ಗಿಸಿದ್ದನ್ನು ನಾನು ನೋಡಿದೆ. ತಪ್ಪು ಯಾರದೆಂದು ಆಕೆ ಕೇಳಿರಲಿಲ್ಲ. ಕೇಳಿದ್ದರೆ ಅಕ್ಕೋರ ಬಳಿ ಉತ್ತರವಿತ್ತು.

ಹಿಂದಿರುಗುವ ಬಸ್ಸಿನಲ್ಲಿ ಡ್ರೈವರನ ಹಿಂದಿನ ಸೀಟು ಖಾಲಿಯಿತ್ತು. ಅವರು ಅಲ್ಲಿಗೆ ಹೋಗದೆ ನನ್ನ ಪಕ್ಕದಲ್ಲೇ ಕೂತರು. ಬಳ್ಳಾರಿಯ ಗುಡ್ಡ ಕಂಡಾಗ ಒಂದೇ ಮಾತು ಆಡಿದರು: "ಕ್ಷಮಾ ಕೇಳಾಕ ಹೋದ್ನಿ. ಕೊಟ್ಟು ಬರಾಕ ಏನೂ ಇರ್ಲಿಲ್ಲ."

ಅದಾದ ಮೇಲೆ ಅವರು ಮಂಡಳಿಗೆ ಮತ್ತೆ ಮತ್ತೆ ಬರೆದರು. ತಮ್ಮ ಷರಾ ಅಳಿಸಿ ಎಂದು ಒಮ್ಮೆಯೂ ಕೇಳಲಿಲ್ಲ. ಆ ಹುಡುಗಿಯರನ್ನು ಕರೆಯಿರಿ ಎಂದಷ್ಟೇ ಕೇಳಿದರು. ಉತ್ತರ ಬರಲಿಲ್ಲ. ಈ ಚಳಿಗಾಲದಲ್ಲಿ ಎದೆನೋವು ಬಂದು, ಬಳ್ಳಾರಿಯ ಆಸ್ಪತ್ರೆಗೆ ತರುವ ಹಾದಿಯಲ್ಲಿ ಅವರು ತೀರಿಕೊಂಡರು.

ಪದಕವನ್ನು ಸಂಘಕ್ಕೆ ಹಿಂದಿರುಗಿಸೆಂದು ಗೆಳತಿಯೊಬ್ಬಳು ಹೇಳಿದಳು. ಹಿಂದಿರುಗಿಸುವುದಿಲ್ಲ. ಅದನ್ನು ಕೊಟ್ಟುಬಿಟ್ಟರೆ ಈ ನಾಚಿಕೆಯೂ ನನ್ನದಲ್ಲವೆಂದು ನಟಿಸುವುದು ಸುಲಭವಾದೀತು. ಅದು ನನ್ನ ಪೆಟ್ಟಿಗೆಯಲ್ಲೇ ಇರಲಿ. ಅಕ್ಕೋರು ತಮ್ಮ ಪಾಲಿನದನ್ನು ಒಪ್ಪಿಕೊಂಡು ಹೋದರು. ನಿಮ್ಮ ಪಾಲಿನದು ಬಾಕಿಯಿದೆ.

ಆದ್ದರಿಂದ ಆಡಳಿತ ಮಂಡಳಿಯ ಮಾನ್ಯ ಅಧ್ಯಕ್ಷರಲ್ಲಿ ಮತ್ತು ಸದಸ್ಯರಲ್ಲಿ ವಿಧ್ಯುಕ್ತವಾಗಿ ಕೋರುತ್ತೇನೆ. ಹಾದಿಯ ಸಾಲನ್ನು ಬದಲಿಸಲು ಅಪ್ಪಣೆ ಕೊಟ್ಟವರು ಯಾರೆಂಬುದನ್ನು ಮಂಡಳಿಯ ನಡಾವಳಿಯಲ್ಲಿ ದಾಖಲಿಸಬೇಕು. ದಿವಂಗತ ಅಧ್ಯಾಪಕಿಯ ಸೇವಾ ಪುಸ್ತಕದ ಷರಾವನ್ನು ರದ್ದು ಮಾಡಿ, ಅದನ್ನು ಓದಿದ ಅದೇ ಸಭಾಂಗಣದಲ್ಲಿ ರದ್ದತಿಯನ್ನೂ ಓದಬೇಕು. ಆ ವರ್ಷ ಕೋಣೆ ತಪ್ಪಿದ ಹುಡುಗಿಯರನ್ನು ಬರುವ ಜೂನ್ ತಿಂಗಳಲ್ಲಿ, ಸಂಸ್ಥಾಪಕರ ನಿಯಮದಂತೆಯೇ, ಕಾಲೇಜಿಗೂ ನಿಲಯಕ್ಕೂ ಕರೆಯಬೇಕು. ಅವರಿಗಿನ್ನೂ ಪ್ರವೇಶದ ವಯಸ್ಸು ಮೀರಿಲ್ಲ.

ಉತ್ತರವನ್ನು ನನಗೆ ಕಳಿಸುವ ಅಗತ್ಯವಿಲ್ಲ. ಪ್ರಶ್ನೆ ನನ್ನದಲ್ಲ. ಕರೆಯುತ್ತೀರಾ ಎಂದು ಕೇಳಿದವಳು ಇನ್ನೂ ಕಾಯುತ್ತಿದ್ದಾಳೆ. ಉತ್ತರ ಹೊತ್ತವರು ದಾರಿ ತಪ್ಪಿ ಬೇರೊಂದು ಮನೆಯ ಮುಂದೆ ನಿಲ್ಲಬಾರದೆಂದು ಅಕ್ಕೋರು ಕಲಿಸಿದಂತೆ ಬುಡದಿಂದ ಪೂರ್ತಿ ಬರೆದಿದ್ದೇನೆ: ಬಳ್ಳಾರಿ ಬಸ್ ನಿಲ್ದಾಣ, ಸಿರುಗುಪ್ಪದ ಬಸ್ಸು, ತೆಕ್ಕಲಕೋಟೆ, ಅಲ್ಲಿಂದ ಕಾಲುವೆಯ ಏರಿ, ಏರಿಯ ಬಲಕ್ಕೆ ಬೇವಿನ ಮರ, ಮರದ ಹಿಂದೆ ಹಾಸಿಗೆ ಹೊಲಿಯುವ ಮನೆ.